ಬೆಟ್ಟದ ಬಿಸಿಲು, ಬೆಟ್ಟದ ನೆರಳು

 

ಇವತ್ತು ನಾನು ಮಾತಾಡುವುದು ಒಂದು ಚಿತ್ರದ ಬಗ್ಗೆ. ಒಂದು ವೃತ್ತ. ಅದರೊಳಗೆ ಒಂದರ ಬೆನ್ನು ಹತ್ತಿ ಇನ್ನೊಂದು ಸುತ್ತುವ ಎರಡು ಮೀನು, ಒಂದು ಕಪ್ಪು, ಒಂದು ಬಿಳಿ. ಕಪ್ಪು ಮೀನಿಗೆ ಬಿಳಿ ಕಣ್ಣು, ಬಿಳಿ ಮೀನಿಗೆ ಕಪ್ಪು ಕಣ್ಣು. ಟೀ ಶರ್ಟಿನ ಮೇಲೆ, ಕರಾಟೆ ಶಾಲೆಯ ಫಲಕದ ಮೇಲೆ, ಮೊಬೈಲಿನ ಇಮೋಜಿಗಳ ನಡುವೆ ನೀವು ಇದನ್ನು ಕಂಡೇ ಇರುತ್ತೀರಿ. ಯಿನ್ ಮತ್ತು ಯಾಂಗ್. ಇದರ ಅರ್ಥವೇನೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಒಳ್ಳೆಯದು ಮತ್ತು ಕೆಟ್ಟದ್ದು, ಎರಡೂ ಲೋಕದಲ್ಲಿ ಸಮವಾಗಿರಬೇಕು ಎಂಬುದು. ಮೂಲದಲ್ಲಿ ಈ ಅರ್ಥ ಇಲ್ಲ. ಈ ಚಿತ್ರದ ವಿಷಯ ಕಾಲ. ಒಂದು ಸ್ಥಿತಿ ತುಂಬಿ ಬಂದಾಗ ಅದು ಹೇಗೆ ಮಗ್ಗುಲು ಬದಲಿಸುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಈ ವಿಚಾರ ಶುರುವಾದದ್ದು ಬೆಟ್ಟದಿಂದ. ಬೆಟ್ಟದ ದಕ್ಷಿಣದ ಇಳಿಜಾರಿಗೆ ಬಿಸಿಲು, ಅದು ಯಾಂಗ್. ಉತ್ತರದ ಇಳಿಜಾರಿಗೆ ನೆರಳು, ಅದು ಯಿನ್. ನದಿಗೆ ಬಂದರೆ ಲೆಕ್ಕ ತಿರುಗುಮುರುಗು. ಉತ್ತರದ ದಡಕ್ಕೆ ಬಿಸಿಲು ಬೀಳುತ್ತದೆ. ಚೀನಾದ ಹಳೆಯ ರಾಜಧಾನಿ ಲುವೊಯಾಂಗ್‌ಗೆ ಆ ಹೆಸರು ಬಂದದ್ದು ಲುವೊ ನದಿಯ ಉತ್ತರ ದಡದಲ್ಲಿ ಇದ್ದುದರಿಂದ. ಇಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಬೆಟ್ಟ ಒಂದೇ, ಹೊತ್ತು ಸರಿದಂತೆ ನೆರಳಿನ ಅಂಚು ಸರಿಯುತ್ತದೆ.

ಈ ಸರಳ ಅನುಭವ ತತ್ತ್ವವಾಗಿ ಬೆಳೆದದ್ದು ‘ಯಿಜಿಂಗ್’ ಎಂಬ ಗ್ರಂಥದ ಸುತ್ತ. ನಾವು ‘ಐ ಚಿಂಗ್’ ಎಂದು ಕೇಳಿರುವುದು ಇದನ್ನೇ. ಅದರ ತಿರುಳು ಸುಮಾರು ಮೂರು ಸಾವಿರ ವರ್ಷ ಹಳೆಯದು, ಝೌ ರಾಜರ ಕಾಲದ್ದು. ಅದರಲ್ಲಿ ಇರುವುದು ಎರಡೇ ಬಗೆಯ ಗೆರೆ: ಇಡಿ ಗೆರೆ, ನಡುವೆ ಒಡೆದ ಗೆರೆ. ಮುಂದೆ ಬಂದ ವ್ಯಾಖ್ಯಾನಕಾರರು ಇಡಿ ಗೆರೆಯನ್ನು ಯಾಂಗ್ ಎಂದರು, ಒಡೆದದ್ದನ್ನು ಯಿನ್ ಎಂದರು. ಮೂರು ಮೂರು ಗೆರೆ ಜೋಡಿಸಿದರೆ ಎಂಟು ಗುರುತು, ಆರಾರು ಜೋಡಿಸಿದರೆ 64.

ಈ ಗೆರೆಗಳನ್ನು ಪಡೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಳೆಯ ಪದ್ಧತಿಯಲ್ಲಿ 50 ಕಡ್ಡಿ ತೆಗೆದುಕೊಂಡು, ಒಂದನ್ನು ಬದಿಗಿಟ್ಟು, ಉಳಿದ 49ನ್ನು ಮತ್ತೆ ಮತ್ತೆ ಭಾಗ ಮಾಡಿ ಎಣಿಸುತ್ತಿದ್ದರು. ಆಮೇಲೆ ಮೂರು ನಾಣ್ಯದ ಸುಲಭ ಪದ್ಧತಿ ಬಂತು. ಒಂದು ಮುಖಕ್ಕೆ ಮೂರು ಅಂಕ, ಇನ್ನೊಂದಕ್ಕೆ ಎರಡು. ಮೂರೂ ನಾಣ್ಯ ಎಸೆದರೆ ಒಟ್ಟು ಆರು, ಏಳು, ಎಂಟು ಅಥವಾ ಒಂಬತ್ತು ಬರುತ್ತದೆ. ಏಳು ಬಂದರೆ ಯಾಂಗ್, ಎಂಟು ಬಂದರೆ ಯಿನ್. ಇವೆರಡೂ ನಿಂತ ಗೆರೆಗಳು. ಒಂಬತ್ತು ಬಂದರೂ ಯಾಂಗ್, ಆದರೆ ಅದು ಮಾಗಿದ ಯಾಂಗ್, ಮುಂದಿನ ಹೆಜ್ಜೆಯಲ್ಲಿ ಯಿನ್ ಆಗುತ್ತದೆ. ಆರು ಮಾಗಿದ ಯಿನ್, ಅದು ಯಾಂಗ್ ಆಗುತ್ತದೆ. ಗಮನಿಸಿ, ಮೂರೂ ನಾಣ್ಯ ಒಂದೇ ಮುಖ ತೋರಿಸಿದಾಗ ಮಾತ್ರ ಗೆರೆ ಬದಲಾಗುವುದು. ತುಂಬಿದ್ದು ತಿರುಗುತ್ತದೆ. ಇದರಲ್ಲಿ ಭವಿಷ್ಯ ನೋಡುವುದನ್ನು ನಾನು ಒಪ್ಪುವುದಿಲ್ಲ. ಆದರೆ ಇಷ್ಟು ದೊಡ್ಡ ವಿಚಾರವನ್ನು ನಾಣ್ಯದ ಲೆಕ್ಕದೊಳಗೆ ಕೂರಿಸಿದ ಬುದ್ಧಿಗೆ ತಲೆಬಾಗುತ್ತೇನೆ.

ಹಾನ್ ರಾಜವಂಶದ ಕಾಲದ ವಿದ್ವಾಂಸರು ಇದೇ ಗೆರೆಗಳಿಂದ ವರ್ಷದ ಲೆಕ್ಕ ಮಾಡಿದರು. ಹನ್ನೆರಡು ತಿಂಗಳಿಗೆ ಹನ್ನೆರಡು ಗುರುತು. ಅವರ ಹತ್ತನೆಯ ತಿಂಗಳಿಗೆ ಆರಕ್ಕೆ ಆರೂ ಯಿನ್ ಗೆರೆಗಳು. ಮುಂದಿನ ತಿಂಗಳಲ್ಲಿ ವರ್ಷದ ಅತಿ ದೀರ್ಘ ರಾತ್ರಿ ಬರುತ್ತದೆ. ಆ ತಿಂಗಳ ಗುರುತಿನಲ್ಲಿ ಐದು ಯಿನ್ ಗೆರೆಗಳ ಕೆಳಗೆ, ಬುಡದಲ್ಲಿ, ಒಂದೇ ಒಂದು ಯಾಂಗ್ ಗೆರೆ ಹುಟ್ಟಿರುತ್ತದೆ. ಗ್ರಂಥದ 24ನೆಯ ಗುರುತು ಅದು. ಹೆಸರು ‘ಫೂ’, ಅಂದರೆ ಮರಳುವುದು. ಹಿಂದಿನ ಅರಸರು ಆ ಸಂಕ್ರಮಣದ ದಿನ ಗಡಿಯ ಬಾಗಿಲು ಮುಚ್ಚಿಸುತ್ತಿದ್ದರು, ವ್ಯಾಪಾರಿಗಳು ಪ್ರಯಾಣ ಹೊರಡುತ್ತಿರಲಿಲ್ಲ ಎಂದು ವ್ಯಾಖ್ಯಾನದಲ್ಲಿದೆ. ಆಗ ತಾನೇ ಹುಟ್ಟಿದ ಬೆಳಕನ್ನು ಅಲುಗಾಡಿಸದೆ ಬಿಡಬೇಕೆಂಬ ಎಚ್ಚರ ಅಲ್ಲಿದೆ. ಚಳಿ ಇನ್ನೂ ಹೆಚ್ಚುವುದರಲ್ಲಿದೆ, ಆದರೂ ಬೆಳಕು ಮರಳಿಯಾಗಿದೆ. ಕಪ್ಪು ಮೀನಿನ ಬಿಳಿ ಕಣ್ಣು ಹೇಳುವುದು ಇದನ್ನೇ.

ಹಾಗಾದರೆ ಚೀನಾದಲ್ಲಿ ಮೇಲು-ಕೀಳಿನ ಮಾತೇ ಇರಲಿಲ್ಲವೇ? ಇತ್ತು. ಕ್ರಿಸ್ತಪೂರ್ವ ಎರಡನೆಯ ಶತಮಾನದ ದೊಂಗ್ ಝೊಂಗ್‌ಶು ಎಂಬ ವಿದ್ವಾಂಸ, ದೊರೆ, ತಂದೆ, ಗಂಡ ಯಾಂಗ್ ಎಂದೂ ಪ್ರಜೆ, ಮಗ, ಹೆಂಡತಿ ಯಿನ್ ಎಂದೂ ಹೇಳಿ, ಯಾಂಗ್ ದೊಡ್ಡದು ಎಂದ. ತಿರುಗುತ್ತಿದ್ದ ಚಕ್ರವನ್ನು ಅವನು ಏಣಿ ಮಾಡಿದ. ಆ ಚಿಂತನೆಗೆ ಒಳಗಿನವರಿಂದಲೇ ಆದ ದೊಡ್ಡ ಅನ್ಯಾಯ ಇದು ಎಂದು ನನ್ನ ಖಚಿತ ಅಭಿಪ್ರಾಯ.

ವಿಚಾರ ಇಷ್ಟು ಹಳೆಯದಾದರೂ ಮೀನಿನ ಚಿತ್ರ ಅಷ್ಟು ಹಳೆಯದಲ್ಲ. ಹನ್ನೊಂದನೆಯ ಶತಮಾನದ ಚಿಂತಕ ಝೌ ದುನ್‌ಯಿ ತನ್ನ ಪ್ರಸಿದ್ಧ ನಕ್ಷೆಯಲ್ಲಿ ಬರೆದದ್ದು ಕಪ್ಪು ಬಿಳಿಯ ಬಳೆಗಳನ್ನು. ಇಂದಿನ ರೂಪಕ್ಕೆ ಹತ್ತಿರವಾದದ್ದು ಕಾಣುವುದು ಹದಿನಾಲ್ಕನೆಯ ಶತಮಾನದ ಝಾವೋ ಹುಯಿಚಿಯನ್‌ನ ಕೃತಿಯಲ್ಲಿ. ಇನ್ನೂ ಬೆರಗಿನ ಸಂಗತಿ ಎಂದರೆ, ಸುಮಾರು ಕ್ರಿ.ಶ. 400ರ ರೋಮನ್ ಸೈನ್ಯದ ದಾಖಲೆಯೊಂದರ ಪ್ರತಿಗಳಲ್ಲಿ ಇಂಥದೇ ಗುರಾಣಿ ಚಿತ್ರಗಳಿವೆ. ಚೀನಾದೊಂದಿಗೆ ಅವುಗಳ ನಂಟಿಗೆ ಯಾವ ಆಧಾರವೂ ಇಲ್ಲ. ಆಕಾರ ಎಲ್ಲಿ ಬೇಕಾದರೂ ಹುಟ್ಟಬಹುದು, ಅದರ ಹಿಂದಿನ ಚಿಂತನೆ ಹಾಗೆ ಹುಟ್ಟುವುದಿಲ್ಲ.

ಮುಂದೆ ಈ ಗುರುತುಗಳು ಲೋಕ ಸುತ್ತಿದವು. ಬೀಜಿಂಗ್‌ನಲ್ಲಿದ್ದ ಫ್ರೆಂಚ್ ಜೆಸ್ಯೂಟ್ ಪಾದ್ರಿ ಬುವೆ 1701ರಲ್ಲಿ 64 ಗುರುತುಗಳ ನಕ್ಷೆಯನ್ನು ಜರ್ಮನ್ ಗಣಿತಜ್ಞ ಲೈಬ್ನಿಜ್‌ಗೆ ಕಳಿಸಿದ. ಅದು ಕೈಸೇರಿದ್ದು 1703ರಲ್ಲಿ. ಒಡೆದ ಗೆರೆ ಸೊನ್ನೆ, ಇಡಿ ಗೆರೆ ಒಂದು ಎಂದುಕೊಂಡರೆ 0ಯಿಂದ 63ರವರೆಗಿನ ಸಂಖ್ಯೆಗಳು ಸಾಲಾಗಿ ನಿಂತಿರುವುದನ್ನು ಕಂಡು ಲೈಬ್ನಿಜ್ ಪುಳಕಗೊಂಡ. ಕಂಪ್ಯೂಟರಿನ ಗಣಿತ ಚೀನಾದಿಂದಲೇ ಬಂತು ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ದ್ವಿಮಾನ ಗಣಿತವನ್ನು ಲೈಬ್ನಿಜ್ ಅದಕ್ಕೂ ಎಷ್ಟೋ ವರ್ಷ ಮೊದಲೇ ರೂಪಿಸಿದ್ದ.

ದಕ್ಷಿಣ ಕೊರಿಯಾದ ಬಾವುಟ ನಿಮಗೆ ಗೊತ್ತು. 1880ರ ದಶಕದಲ್ಲಿ ಬಂದ ಆ ಬಾವುಟದ ಈಗಿನ ರೂಪ 1949ರಲ್ಲಿ ಖಚಿತವಾಯಿತು. ನಡುವೆ ಕೆಂಪು ನೀಲಿಯ ಯಿನ್ ಯಾಂಗ್ ವೃತ್ತ, ಮೂಲೆಗಳಲ್ಲಿ ಆಕಾಶ, ಭೂಮಿ, ನೀರು, ಬೆಂಕಿಯ ಗುರುತುಗಳು. 1893ರ ಶಿಕಾಗೋ ಮೇಳದಲ್ಲಿ ಈ ಬಾವುಟ ಕಂಡ ಎಂಜಿನಿಯರೊಬ್ಬರಿಂದಾಗಿ ಅದರ ನಡುವಿನ ವೃತ್ತ ನಾರ್ದರ್ನ್ ಪೆಸಿಫಿಕ್ ಎಂಬ ಅಮೆರಿಕದ ರೈಲು ಕಂಪನಿಯ ಲಾಂಛನವೂ ಆಯಿತು. ನಿಮ್ಮ ಮೊಬೈಲಿನ ಮೂಲೆಯಲ್ಲಿರುವ ಮೂರು ಗೆರೆಯ ಮೆನು ಗುರುತು ಹುಟ್ಟಿದ್ದು 1981ರ ಜೆರಾಕ್ಸ್ ಕಂಪ್ಯೂಟರಿನಲ್ಲಿ, ಯಿಜಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಆಮೇಲೆ ವೆಬ್‌ಸೈಟ್ ಮಾಡುವವರು ಅದನ್ನು ತೋರಿಸಲು ಎಷ್ಟೋ ಕಡೆ ಬಳಸಿದ್ದು ಯೂನಿಕೋಡ್‌ನಲ್ಲಿರುವ ‘ಆಕಾಶ’ದ ಮೂರು ಇಡಿ ಗೆರೆಗಳನ್ನೇ.

ಈ ಎಲ್ಲರ ನಡುವೆ ಚಿತ್ರವನ್ನು ಆಳವಾಗಿ ಓದಿದವನು ಭೌತವಿಜ್ಞಾನಿ ನೀಲ್ಸ್ ಬೋರ್ ಎಂದು ನನಗನ್ನಿಸುತ್ತದೆ. 1947ರಲ್ಲಿ ಡೆನ್ಮಾರ್ಕ್ ಅವನಿಗೆ ‘ಆರ್ಡರ್ ಆಫ್ ದಿ ಎಲಿಫೆಂಟ್’ ಗೌರವ ಕೊಟ್ಟಾಗ ಒಂದು ಕುಲಲಾಂಛನ ಬೇಕಾಯಿತು. ಅವನು ಆರಿಸಿದ್ದು ಯಿನ್ ಯಾಂಗ್ ಚಿತ್ರವನ್ನು. ಜೊತೆಗೆ, ವಿರುದ್ಧವಾದವು ಒಂದಕ್ಕೊಂದು ಪೂರಕ ಎಂಬ ಅರ್ಥದ ಲ್ಯಾಟಿನ್ ಮಾತನ್ನು ಬರೆಸಿದ. ಎಲೆಕ್ಟ್ರಾನ್ ಒಂದು ಪ್ರಯೋಗದಲ್ಲಿ ಕಣವಾಗಿ, ಇನ್ನೊಂದರಲ್ಲಿ ಅಲೆಯಾಗಿ ಕಾಣುವುದನ್ನು ಜೀವಮಾನವಿಡೀ ಯೋಚಿಸಿದವನು ಅವನು.

ನನ್ನದೊಂದು ವಿನಂತಿ. ನಿಮ್ಮ ಮನೆಯ ಮಕ್ಕಳು ಈ ಚಿತ್ರ ತೋರಿಸಿ ಏನೆಂದು ಕೇಳಿದರೆ ಒಳ್ಳೆಯದು, ಕೆಟ್ಟದ್ದು ಎಂದು ಹೇಳಿ ಮುಗಿಸಬೇಡಿ. ಮೂರು ನಾಣ್ಯ ಕೈಗೆ ಕೊಟ್ಟು ಎಸೆಯಲು ಹೇಳಿ, ಒಂಬತ್ತು ಬಂದಾಗ ಏನಾಗುತ್ತದೆಂದು ವಿವರಿಸಿ. ಯಿನ್ ಯಾಂಗ್ ಚಿಂತನೆ ಹುಟ್ಟಿದ ಚೀನಾದ ನೆಲದಲ್ಲೇ ಬೆಳೆದ ಲಾವೋ ತ್ಸುವಿನ ‘ದಾವ್ ದ ಜಿಂಗ್’ ಅನ್ನು ಯು.ಆರ್. ಅನಂತಮೂರ್ತಿಯವರು ಕನ್ನಡಕ್ಕೆ ತಂದಿದ್ದಾರೆ. 81 ಪುಟ್ಟ ಅಧ್ಯಾಯಗಳು. ದಯವಿಟ್ಟು ಓದಿ.