ಮಂದಣ್ಣನ ಕಣ್ಣಲ್ಲಿ ಕರ್ವಾಲೊ: ಮಕ್ಕಳ ಜೊತೆ ಒಂದು ಕಾದಂಬರಿ ಓದುವ ಬಗೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಹೈಸ್ಕೂಲು ಮಕ್ಕಳ ಜೊತೆ ಕೂತು ಕಾದಂಬರಿ ಓದೋದು ನನ್ನ ಕೆಲಸ. ಇವತ್ತು ಅದರ ಬಗ್ಗೆನೇ ಮಾತಾಡ್ತೀನಿ. ನಿಮ್ಮಲ್ಲಿ ಕೆಲವರು ಬಿ.ಎಡ್. ಓದ್ತಿರಬಹುದು, ಕೆಲವರು ಸಂಜೆ ಟ್ಯೂಷನ್ ಹೇಳ್ತಿರಬಹುದು, ಇನ್ನು ಕೆಲವರ ಮನೇಲಿ ಒಂಬತ್ತನೇ ಕ್ಲಾಸಿನ ತಮ್ಮನೋ ತಂಗಿಯೋ ಇರಬಹುದು. ನಿಮಗೆಲ್ಲ ಇದು ಉಪಯೋಗಕ್ಕೆ ಬರುತ್ತೆ ಅನ್ಕೊಂಡಿದೀನಿ.

ಪೋಷಕರ ಸಭೆ ಮುಗಿದ ಸಂಜೆ ಮನೇಲಿ ಏನಾಗುತ್ತೆ, ನೆನಪು ಮಾಡ್ಕೊಳ್ಳಿ. 'ನಿಮ್ಮ ಹುಡುಗ ಗಮನ ಕೊಡಲ್ಲ' ಅಂತ ಮೇಷ್ಟ್ರು ಹೇಳಿರ್ತಾರೆ. 'ಮೇಷ್ಟ್ರು ನನ್ನ ಕಡೆ ನೋಡೋದೇ ಇಲ್ಲ' ಅಂತ ಹುಡುಗ ಹೇಳ್ತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಕೋಣೆ ಒಂದೇ, ಪೀರಿಯಡ್ಡೂ ಒಂದೇ, ಆದರೆ ನಿಂತು ನೋಡೋ ಜಾಗ ಬೇರೆ. ಇದನ್ನ ಬುದ್ಧಿವಾದದ ಥರ ಹೇಳಿದ್ರೆ ಮಕ್ಕಳ ಕಿವಿಗೆ ಹೋಗಲ್ಲ. ಕಾದಂಬರಿ ಓದಿಸಿದ್ರೆ ಹೋಗುತ್ತೆ.

ನಾನು ಆರಿಸಿಕೊಂಡಿರೋದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಕಾದಂಬರಿ. ಓದದೇ ಇದ್ದವರಿಗೆ ಎರಡು ಮಾತು: ಇದು ಮೂಡಿಗೆರೆ ಸೀಮೆಯ ಕತೆ. ಕರ್ವಾಲೊ ಒಬ್ಬ ವಿಜ್ಞಾನಿ. ಮಂದಣ್ಣ ಅಲ್ಲಿಯ ಹಳ್ಳಿ ಹುಡುಗ. ಊರವರಿಗೆ ಅವನ ಬಗ್ಗೆ ದೊಡ್ಡ ಅಭಿಪ್ರಾಯ ಏನಿಲ್ಲ. ಆದರೆ ಜೇನು, ಕಾಡು, ಹುಳಹುಪ್ಪಟೆ ಅವನಿಗೆ ಚೆನ್ನಾಗಿ ಗೊತ್ತು. ಹಾರುವ ಓತಿಯನ್ನ ಕಂಡವನೂ ಅವನೇ. ಕರ್ವಾಲೊ ಅವನನ್ನ ಶಿಷ್ಯನ ಹಾಗೆ ಕಾಣ್ತಾರೆ. ಕತೆ ಹೇಳೋನು ಮಾತ್ರ ಇವರಿಬ್ಬರೂ ಅಲ್ಲ, ಜೊತೆಗಿರೋ ಒಬ್ಬ ರೈತ.

ಇದರಲ್ಲಿ ಕ್ಲಾಸ್‌ರೂಮೇ ನಡೆಯಲ್ಲ, ಗುರು-ಶಿಷ್ಯರ ಪಾಠಕ್ಕೆ ಇದ್ಯಾಕೆ ಅಂತ ನೀವು ಕೇಳಬಹುದು. ಅದೇ ಅನುಕೂಲ. ಶಾಲೆಯ ಕತೆ ಕೊಟ್ಟರೆ ಮಕ್ಕಳು ಎದುರಿಗಿರೋ ಮೇಷ್ಟ್ರಿಗೆ ಇಷ್ಟವಾಗೋ ಉತ್ತರ ಹುಡುಕ್ತಾರೆ. ಕಾಡಿನ ಕತೆ ಕೊಟ್ಟರೆ ಅನಿಸಿದ್ದನ್ನ ಹೇಳ್ತಾರೆ.

ಮೊದಲ ಹೆಜ್ಜೆ. ಬೋರ್ಡ್ ಮೇಲೆ ಮೂರು ಕಾಲಂ ಎಳೀತೀನಿ. ಕತೆ ಹೇಳೋನ ಕಣ್ಣಲ್ಲಿ ಮಂದಣ್ಣ, ಕರ್ವಾಲೊ ಕಣ್ಣಲ್ಲಿ ಮಂದಣ್ಣ, ಮಂದಣ್ಣನ ಕಣ್ಣಲ್ಲಿ ಕರ್ವಾಲೊ. ಏನೇ ಬರೆದರೂ ಪಕ್ಕದಲ್ಲಿ ಪುಟದ ಸಂಖ್ಯೆ ಇರಬೇಕು. 'ನಂಗೆ ಹಂಗನಿಸ್ತು' ಅನ್ನೋದು ನಡೆಯಲ್ಲ. ಮೊದಲೆರಡು ಕಾಲಂ ಬೇಗ ತುಂಬುತ್ತೆ. ಮೂರನೇದಕ್ಕೆ ಬಂದಾಗ ಎಲ್ಲರೂ ಪುಟ ತಿರುವಿ ಹಾಕ್ತಾರೆ, ಸಿಗೋದು ಸ್ವಲ್ಪವೇ. ಯಾಕೆ ಅಂದ್ರೆ ಮಂದಣ್ಣನ ಬಗ್ಗೆ ನಮಗೆ ಗೊತ್ತಾಗೋದೆಲ್ಲ ಇನ್ನೊಬ್ಬನ ಬಾಯಿಂದ. ಇದನ್ನ ನಾನು ಹೇಳಿಕೊಡಲ್ಲ. ಖಾಲಿ ಕಾಲಂ ನೋಡಿ ಅವರೇ ಹೇಳ್ತಾರೆ.

ಎರಡನೇ ಹೆಜ್ಜೆ. 'ಯಾರು ಸರಿ?' ಅಂತ ಕೇಳಬೇಡಿ. ಕೇಳಿದ್ರೆ ಕ್ಲಾಸು ಎರಡು ಪಾರ್ಟಿ ಆಗಿ ಕೂಗಾಟ ಶುರುವಾಗುತ್ತೆ. 'ಇವನಿಗೆ ಬೇಕಾಗಿರೋದೇನು?' ಅಂತ ಕೇಳಿ. ಕರ್ವಾಲೊಗೆ ಆ ಓತಿ ಬೇಕು. ಮಂದಣ್ಣನಿಗೆ ಒಂದು ಜವಾನನ ಕೆಲಸ ಸಿಕ್ಕರೆ ಸಾಕು. ಇಂಥ ಪ್ರತಿಭಾವಂತನಿಗೆ ಇಷ್ಟು ಸಣ್ಣ ಆಸೆಯಾ ಅಂತ ನಗೋ ದೊಡ್ಡವರನ್ನ ನಾನು ನೋಡಿದೀನಿ. ಸಂಡೂರಿನ ಮಕ್ಕಳು ನಗಲ್ಲ. ಗಣಿ ನಿಂತರೆ ಲಾರಿ ನಿಲ್ಲುತ್ತೆ, ಲಾರಿ ನಿಂತರೆ ಮನೆ ಸಂತೆ ನಿಲ್ಲುತ್ತೆ ಅಂತ ಅವರಿಗೆ ಗೊತ್ತು. ತಿಂಗಳಾದ್ರೆ ಸಂಬಳ ಬರೋ ಕೆಲಸ ಅಂದ್ರೇನು ಅಂತ ಅವರಿಗೆ ವಿವರಿಸಬೇಕಾಗಿಲ್ಲ.

ಆಮೇಲೆ ಕಷ್ಟದ ಪ್ರಶ್ನೆ: ಕರ್ವಾಲೊ ಮಂದಣ್ಣನನ್ನ ಬೆಳೆಸಿದರಾ, ಬಳಸಿಕೊಂಡರಾ? ಎರಡಕ್ಕೂ ಪುಸ್ತಕದಲ್ಲಿ ಆಧಾರ ಹುಡುಕಬಹುದು. ನಾನು ತೀರ್ಪು ಕೊಡಲ್ಲ. ಒಂದು ಸಲ ಕಂಪ್ಲಿ ಕಡೆಯ ಹುಡುಗಿ ಎದ್ದು ನಿಂತು ಅಂದ್ಳು, 'ಸಾರ್, ಅವ ದಡ್ಡ ಅಲ್ರಿ. ಅವನಿಗೆ ಏನು ಗೊತ್ತೈತಿ ಅಂತ ಕರ್ವಾಲೊ ಬರೋ ಮಟ ಯಾರೂ ಕೇಳಿಲ್ಲ, ಅಷ್ಟೇರಿ.' ಅವತ್ತು ಹಿಂದಿನ ಬೆಂಚಿನವರೂ ಮಾತಾಡಿದ್ರು.

ಮೂರನೇ ಹೆಜ್ಜೆ ಬರೆಯೋದು. ಯಾವುದಾದ್ರೂ ಒಂದು ಸನ್ನಿವೇಶ ತಗೊಂಡು ಮಂದಣ್ಣನಾಗಿ 'ನಾನು' ಅಂತ ಹತ್ತು ಸಾಲು ಬರೀಬೇಕು. ನಿಯಮ ಒಂದೇ: ಅವನಿಗೆ ಗೊತ್ತಿಲ್ಲದ್ದನ್ನ ಬರೆಯೋ ಹಾಗಿಲ್ಲ. ಜೀವವಿಕಾಸದ ಮಾತೆಲ್ಲ ಕರ್ವಾಲೊದು. ಮಂದಣ್ಣನಿಗೆ ಅದು ತಾನು ಕಂಡ ಒಂದು ಓತಿ. ಈ ನಿಯಮದಲ್ಲೇ ದೃಷ್ಟಿಕೋನ ಅಂದ್ರೇನು ಅನ್ನೋದು ಅರ್ಥ ಆಗಿಬಿಡುತ್ತೆ. ನಮ್ಮ ಮಕ್ಕಳು ಬರೆದರೆ ಮಂದಣ್ಣ ಮಲೆನಾಡು ಬಿಟ್ಟು ಬಳ್ಳಾರಿ ಸೀಮೆಯ ಮಾತಾಡ್ತಾನೆ. ಆಡಲಿ ಬಿಡಿ.

ಆಮೇಲೆ ಅದೇ ಸನ್ನಿವೇಶ ಕರ್ವಾಲೊ ಕಡೆಯಿಂದ. ಇದನ್ನ ಬಿಡಬೇಡಿ, ಯಾಕಂದ್ರೆ ಶಿಷ್ಯನ ಪರ ನಿಲ್ಲೋದು ಮಕ್ಕಳಿಗೆ ಸುಲಭ. ಗುರುವಿಗೂ ಅವಸರ ಇದೆ, ಅನುಮಾನ ಇದೆ, ನಂಬಿದವನು ಕೈಕೊಟ್ಟರೆ ಅನ್ನೋ ಭಯ ಇದೆ. ಇದು ಬರೆದಾದ ಮೇಲೆ ಕೆಲವು ಮಕ್ಕಳು ತಾವಾಗೇ ತಮ್ಮ ಮೇಷ್ಟ್ರ ಒಂದು ದಿನ ಬರೀತಾರೆ: ಹಾಜರಿ, ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ, ನಡುವೆ ಪಾಠ.

ಇಷ್ಟಾದ ಮೇಲೆ ನಾನು ದರೋಜಿ ಈರಮ್ಮನವರ ವಿಷಯ ತೆಗೀತೀನಿ. ನಮ್ಮದೇ ಸೀಮೆಯ ಬುರ್ರಕಥಾ ಕಲಾವಿದೆ, 2014ರಲ್ಲಿ ತೀರಿಕೊಂಡರು. ಓದು ಬರಹ ಬರ್ತಿರಲಿಲ್ಲ. ಆದರೆ ಕಂಪ್ಲಿಯ ಕುಮಾರರಾಮನ ಕತೆಯೂ ಸೇರಿ 12 ಮಹಾಕಾವ್ಯಗಳು ಅವರ ನೆನಪಲ್ಲಿದ್ದವು. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅವರು ಹಾಡಿದ್ದನ್ನ ಪದವಿ ಪಡೆದವರು ಎದುರು ಕೂತು ಬರ್ಕೊಂಡರು. ಅಲ್ಲಿ ಗುರು ಯಾರು, ಶಿಷ್ಯ ಯಾರು? ಮತ್ತೆ ಅದೇ ಮೂರು ಕಾಲಂ ಎಳೆದು ನೋಡಿ ಅಂತೀನಿ.

ಒಂದು ಎಚ್ಚರಿಕೆ. 'ನಿನ್ನನ್ನ ಯಾರು ದಡ್ಡ ಅಂದ್ರು, ಹೇಳು' ಅಂತ ತುಂಬಿದ ಕ್ಲಾಸಲ್ಲಿ ಯಾವ ಮಗುವನ್ನೂ ಕೇಳಬೇಡಿ. ಮಂದಣ್ಣನ ಹೆಸರಲ್ಲಿ ಬರೆದರೆ ಹೇಳಬೇಕಾದ್ದನ್ನ ಮಗು ಹೇಳ್ಕೊಳ್ಳುತ್ತೆ, ಮುಚ್ಚಿಡಬೇಕಾದ್ದನ್ನ ಮುಚ್ಚಿಟ್ಟುಕೊಳ್ಳುತ್ತೆ. ಆ ಮರೆ ಅವರಿಗೆ ಇರಲಿ. ನಮ್ಮ ಊರುಗಳಲ್ಲಿ ಪ್ರವಾಸಿಗರ ಹತ್ರ ಮೂರು ಭಾಷೆ ಮಾತಾಡೋ ಹಂಪಿ ಹುಡುಗ ಇಂಗ್ಲಿಷ್ ಪೇಪರ್‌ನಲ್ಲಿ ಫೇಲ್ ಆದ ಅಂತ ಶಾಲೆ ಬಿಡ್ತಾನೆ. ಅವನು ಶಾಲೇಲಿ ಉಳೀಬೇಕು ಅಂದ್ರೆ ಅವನಿಗೆ ಗೊತ್ತಿರೋದನ್ನ ಒಬ್ಬರಾದ್ರೂ ಕೇಳಬೇಕು.

ಈ ವಾರ ನಿಮಗೊಂದು ಕೆಲಸ. ನಿಮಗೆ ಇಷ್ಟವಾಗದ ಒಬ್ಬ ಮೇಷ್ಟ್ರನ್ನೋ ಟೀಚರನ್ನೋ ನೆನೆಸಿಕೊಂಡು, ಅವರಾಗಿ ನಿಮ್ಮ ಬಗ್ಗೆ ಹತ್ತು ಸಾಲು ಬರೀರಿ. ಅವರಿಗೆ ಗೊತ್ತಿಲ್ಲದ್ದನ್ನ ಬರೆಯೋ ಹಾಗಿಲ್ಲ. ಫೋನಿನ ನೋಟ್ಸಲ್ಲಿ ಬರೆದ್ರೂ ಸಾಕು.