ಸುತ್ತುಸುತ್ತಿನ ಟುಲಿಪ್

ಸಾಧಾರಣ ಟುಲಿಪ್ ಹೂವಿಗೆ ಆರು ಎಸಳು, ಆರು ಕೇಸರ. ಸುತ್ತುಸುತ್ತಿನ ತಳಿಗಳಲ್ಲಿ ಕೇಸರಗಳೇ ಎಸಳುಗಳಾಗಿ, ಹೂವು ನಮ್ಮ ಸುತ್ತುಮಲ್ಲಿಗೆಯ ಹಾಗೆ ತುಂಬಿಕೊಳ್ಳುತ್ತದೆ. ಆದರೆ ತುಂಬಿದ ಹೂವು ಭಾರ. ಹಾಲೆಂಡಿನ ತೋಟಗಳಲ್ಲಿ ಮೇ ತಿಂಗಳ ಮಳೆ ಬಿದ್ದಾಗ ‘ಆಂಜೆಲಿಕ್’ ತಳಿಯ ತಿಳಿಗುಲಾಬಿ ಹೂವು ಎಸಳೆಸಳಿನಲ್ಲೂ ನೀರು ಹಿಡಿದು ದಂಟನ್ನೇ ಬಾಗಿಸಿಬಿಡುತ್ತದೆ. ಆದ್ದರಿಂದ ಬಯಲಿನ ಪಾತಿಗಿಂತ ಗೋಡೆಯ ಮರೆಯ ಪಾತಿ, ಅದಕ್ಕಿಂತಲೂ ಬೇಕಾದಾಗ ಎತ್ತಿಡಬಹುದಾದ ಕುಂಡ ಇದಕ್ಕೆ ಮೇಲು ಎನ್ನುತ್ತೇನೆ.

ಕುಂಡದಲ್ಲಿ ಗಡ್ಡೆ ಕೊಳೆಯುತ್ತದಲ್ಲ ಎಂದು ಕೇಳಬಹುದು. ಕೊಳೆಸುವುದು ಕುಂಡವಲ್ಲ, ನಿಂತ ನೀರು. ತಳದಲ್ಲಿ ತೂತು, ಮಣ್ಣಿನಲ್ಲಿ ದಪ್ಪ ಮರಳು ಇದ್ದರೆ ಆ ಭಯ ಕಡಿಮೆ. ನವೆಂಬರಿನಲ್ಲಿ ಚೂಪು ತುದಿ ಮೇಲಾಗಿ 15 ಸೆಂಟಿಮೀಟರ್ ಆಳಕ್ಕೆ ನೆಟ್ಟ ಗಡ್ಡೆಗೆ ಸುಮಾರು ಮೂರು ತಿಂಗಳ ಗಟ್ಟಿ ಚಳಿ ಬೇಕು, ಇಲ್ಲದಿದ್ದರೆ ದಂಟು ನೀಳವಾಗದು. ಬೆಂಗಳೂರಿನ ಚಳಿ ಇದಕ್ಕೆ ಏನೇನೂ ಸಾಲದು. ಕೇಸರ ಕಳೆದುಕೊಂಡ ಹೂವಿನಿಂದ ಜೇನ್ನೊಣಕ್ಕೇನು ಸಿಕ್ಕೀತು ಎನ್ನುವವರ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ; ಪಕ್ಕದಲ್ಲೇ ಸಾಧಾರಣ ಟುಲಿಪ್‌ಗಳನ್ನೂ ನೆಡಬೇಕು. ಹೂವು ಬಾಡಿದ ಮೇಲೆ ತಲೆ ಚಿವುಟಿ, ಎಲೆಗಳನ್ನು ಹಳದಿಯಾಗುವವರೆಗೂ ಬಿಡಬೇಕು. ಮುಂದಿನ ವರ್ಷದ ಗಡ್ಡೆಗೆ ಆಹಾರ ಅವುಗಳಿಂದಲೇ ಇಳಿಯುವುದು.