ಸರಕಾರಕ್ಕೂ ಒಬ್ಬ ವಕೀಲರು ಬೇಕು
(ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಾಲ, ವಸೂಲಿ, ಠೇವಣಿಗಳ ಲೆಕ್ಕವನ್ನು ಸೆಕ್ರೆಟರಿಯವರು ಓದಿ ಹೇಳಿದ್ದಾರೆ. ನಾವು ಬೇರೆ ಒಂದು ಮಾತು ಹೇಳಲಿಕ್ಕೆ ನಿಂತಿದ್ದೇವೆ. ಎಸ್.ಎಸ್.ಎಲ್.ಸಿ. ಓದಿದ ರೈತರಿಗೆ ಕಾಯದೆ ಮಾತು ಯಾಕ್ರಿ ಅಂತ ಕೆಲವರು ಕೇಳಬಹುದು. ಬದುವಿನ ತಂಟೆ, ಪಾಲಿನ ತಕರಾರು ಬಂದರೆ ಚಿಕ್ಕೋಡಿ ಕೋರ್ಟಿಗೆ ಹೋಗಿ ವಕೀಲರನ್ನು ಹಿಡಿಯುವವರು ನಾವೇ ಅಲ್ಲವೇ? ಹಂಗಾದರೆ ಸರಕಾರದ ಮೇಲೇ ದಾವೆ ಬಿದ್ದರೆ ಸರಕಾರ ಯಾರನ್ನು ಹಿಡಿಯುತ್ತದೆ?

ಅವರೇ ಅಡ್ವೊಕೇಟ್ ಜನರಲ್. ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ಅವರನ್ನು ನೇಮಿಸುತ್ತಾರೆ. ಹೈಕೋರ್ಟ್ ನ್ಯಾಯಾಧೀಶರಾಗುವಷ್ಟು ಅರ್ಹತೆ ಇರಬೇಕು. 177ನೇ ವಿಧಿಯಂತೆ ವಿಧಾನಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಇಷ್ಟೇ ವರ್ಷ ಎಂಬ ಅವಧಿ ಇಲ್ಲ; ರಾಜ್ಯಪಾಲರ ಇಚ್ಛೆ ಇರುವತನಕ ಹುದ್ದೆ. ದೊಡ್ಡ ಖುರ್ಚಿ ಖರೇ, ಗಟ್ಟಿ ಖುರ್ಚಿ ಅಲ್ಲ.

ಇದು ನಮಗೆ ದೂರದ ಸಂಗತಿಯಲ್ಲ. ಗಡಿ ವಿಷಯದಲ್ಲಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೃಷ್ಣೆಯ ನೀರಿನ ವಾದ ನ್ಯಾಯಮಂಡಳಿಗಳ ಮುಂದೆ ನಡೆಯಿತು. ಅಂಥಲ್ಲಿ ರಾಜ್ಯದ ವಕೀಲರು ಎಡವಿದರೆ ಪೆಟ್ಟು ಬೀಳುವುದು ನಮ್ಮ ಚಿಕ್ಕೋಡಿ ಸೀಮೆಗೇ.

ಈ ಹುದ್ದೆಯಲ್ಲಿದ್ದ ಇಬ್ಬರ ಮಾತು ಹೇಳುತ್ತೇವೆ. ಮೊದಲನೆಯವರು ಇ. ಎಸ್. ವೆಂಕಟರಾಮಯ್ಯನವರು. ಪಾಂಡವಪುರ ಸೀಮೆಯ ಹಳ್ಳಿಯವರು. ನಮ್ಮ ಬೆಳಗಾವಿಯ ರಾಜಾ ಲಖಮಗೌಡ ಲಾ ಕಾಲೇಜಿನಲ್ಲಿ ಕಾಯದೆ ಓದಿದವರು ಎಂಬುದು ನಮಗೆ ಅಭಿಮಾನದ ಸಂಗತಿ. 1970ರಲ್ಲಿ ಆಗಿನ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್ ಆದರು. ಅದೇ ವರ್ಷ ಹೈಕೋರ್ಟ್ ನ್ಯಾಯಾಧೀಶರು, 1979ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರು, 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರು. ಹಳ್ಳಿಯ ಹುಡುಗ ಓದಿದರೆ ಎಲ್ಲಿಗೆ ಮುಟ್ಟಬಹುದು, ನೋಡಿರಿ.

ಎರಡನೆಯವರು ಉಡುಪಿ ಕಡೆಯ ಬಿ. ವಿ. ಆಚಾರ್ಯರು. ಒಂದಲ್ಲ, ಎರಡಲ್ಲ, ಐದು ಸಲ ಕರ್ನಾಟಕದ ಅಡ್ವೊಕೇಟ್ ಜನರಲ್ ಆದವರು. ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2003ರಲ್ಲಿ ಬೆಂಗಳೂರಿಗೆ ವರ್ಗ ಮಾಡಿತ್ತು. ಅದನ್ನು ಸರಕಾರದ ಪರ ನಡೆಸುವ ಹೊಣೆ ಆಚಾರ್ಯರ ಮೇಲೆ ಬಿತ್ತು. ಮುಂದೆ 2011ರಲ್ಲಿ ಐದನೇ ಸಲ ಅಡ್ವೊಕೇಟ್ ಜನರಲ್ ಆದರು. ಎರಡೂ ಒಟ್ಟಿಗೆ ಬೇಡ, ಒಂದು ಬಿಡಿರಿ ಎಂಬ ಮಾತು ಬಂತು. ನಮ್ಮಂಥವರಾದರೆ ಯಾವುದನ್ನು ಬಿಡುತ್ತಿದ್ದೆವು? ಕೇಸು ಬಿಟ್ಟು ಖುರ್ಚಿ ಹಿಡಿಯುತ್ತಿದ್ದೆವು. ಅವರು 2012ರ ಫೆಬ್ರುವರಿಯಲ್ಲಿ ಖುರ್ಚಿಯನ್ನೇ ಬಿಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಆ ಕೇಸಿನಿಂದಲೂ ಹೊರಬಂದರು. ಆದರೆ 2015ರಲ್ಲಿ ಹೈಕೋರ್ಟಿನ ಅಪೀಲಿನ ಹೊತ್ತಿಗೆ ಮತ್ತೆ ಕರೆ ಬಂದಾಗ, ಎಂಬತ್ತು ದಾಟಿದ ಆ ಹಿರಿಯರು ಒಂದೇ ದಿನದಲ್ಲಿ ಲಿಖಿತ ವಾದ ಬರೆದು ಕೊಟ್ಟರು. ಹೈಕೋರ್ಟಿನಲ್ಲಿ ಆರೋಪಿಗಳು ಬಿಡುಗಡೆಯಾದರೂ 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ಅವರು ತೀರಿಕೊಂಡಿದ್ದರು. ಉಳಿದ ಮೂವರು ಜೈಲಿಗೆ ಹೋದರು.

ಬಂಧುಗಳೇ, ಇದನ್ನೆಲ್ಲ ಯಾಕೆ ಹೇಳಿದೆವೆಂದರೆ, ಸರಕಾರಕ್ಕೆ ವಕೀಲರು ಇದ್ದಂತೆ ಸಂಘಕ್ಕೆ ಆಡಿಟರು, ಸೆಕ್ರೆಟರಿ ಇರುತ್ತಾರೆ. ಮಾಡಿದ್ದಕ್ಕೆಲ್ಲ ಹೂಂ ಅನ್ನುವವರು ಎಲ್ಲರಿಗೂ ಬೇಕು. "ಬ್ಯಾಡ್ರಿ, ಇದು ಕಾಯದೆಗೆ ಕೂಡೂದಿಲ್ಲ" ಅನ್ನುವವರು ಯಾರಿಗೂ ಬೇಡ. ಜಾಮೀನು ಸರಿಯಿಲ್ಲ ಎಂದು ಸೆಕ್ರೆಟರಿ ಅರ್ಜಿ ತಿರುಗಿಸಿದರೆ, ನಿರ್ದೇಶಕರ ಮನೆಗೆ ಶಿಫಾರಸಿಗೆ ಬರುವವರು ನೀವೇ. ಸೆಕ್ರೆಟರಿಯವರಿಗೆ ಫೋನು ಹಚ್ಚುವವರು ನಾವೇ. ಅಲ್ಲಿ ಬಾಯಿ ಮುಚ್ಚಿಸಿದರೆ ಮುಳುಗುವುದು ಬಡವರು ಬೆವರು ಸುರಿಸಿ ಇಟ್ಟ ಠೇವಣಿ.

ಅದಕ್ಕೆ ನಮ್ಮದೊಂದು ಸೂಚನೆ. ಬರುವ ವಾರ್ಷಿಕ ಸಭೆಯಲ್ಲಿ ಆಡಿಟ್ ವರದಿಯ ಆಕ್ಷೇಪಣೆಗಳನ್ನು, ಒಂದೂ ಬಿಡದೆ, ಎಲ್ಲರಿಗೂ ಕೇಳುವಂತೆ ಓದಬೇಕು. ಒಂದೊಂದಕ್ಕೂ ನಿರ್ದೇಶಕರಾದ ನಾವು ಎದ್ದು ನಿಂತು ಉತ್ತರ ಕೊಡಬೇಕು. ಹಾಗೆಂದು ಠರಾವು ಆಗಲಿ. ಖುರ್ಚಿ ಇಂದು ನಮ್ಮದು, ನಾಳೆ ಮತ್ತೊಬ್ಬರದು. ಸಂಘ ಮಾತ್ರ ನಮ್ಮ ಮಕ್ಕಳಿಗೂ ಉಳಿಯಬೇಕು.

ಇಷ್ಟು ಹೇಳಿ ನಮ್ಮ ಎರಡು ಮಾತು ಮುಗಿಸುತ್ತೇವೆ. ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.